ಕಾಫಿ ಲೋಡಿನಿಂದ ಪಾವತಿವರೆಗೆ: ಕೆಲಸ ನಿಜಕ್ಕೂ ಹೇಗೆ ಸಾಗುತ್ತದೆ ಎಂದು ಕಂಪ್ಯೂಟರ್ ಲಾಗ್‌ನಿಂದ ಕಂಡುಕೊಳ್ಳುವ ಮಾರ್ಗದರ್ಶಿ

ಜನವರಿ ಬಂತೆಂದರೆ ಕೊಡಗಿನ ರಸ್ತೆಗಳಲ್ಲಿ ಕಾಫಿ ಚೀಲ ತುಂಬಿದ ಪಿಕಪ್‌ಗಳ ಓಡಾಟ ಜಾಸ್ತಿಯಾಗುತ್ತದೆ. ಮೊದಲು ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ), ಅದರ ಹಿಂದೆಯೇ ರೋಬಸ್ಟಾ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು). ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರಿಗೆ ಮೂರನೇ ದಿನಕ್ಕೆ ಖಾತೆಗೆ ದುಡ್ಡು ಬೀಳುತ್ತದೆ. ಅದೇ ವಾರ ಅದೇ ಗೋದಾಮಿಗೆ ಚೆರಿ ಹಾಕಿದ ಪೊನ್ನಂಪೇಟೆಯವರು ಹನ್ನೆರಡು ದಿನ ಕಾಯುತ್ತಾರೆ. ಯಾಕೆ ಹೀಗೆ?

ಗೇಟಿನಲ್ಲಿ ಕೇಳಿದರೆ "ಲ್ಯಾಬ್‌ನಲ್ಲಿ ತಡ" ಅನ್ನುತ್ತಾರೆ. ಲ್ಯಾಬ್‌ನವರು "ನಾವು ಅವತ್ತೇ ರಿಪೋರ್ಟ್ ಕೊಟ್ಟಿದ್ದೇವೆ, ಬಿಲ್ ಮಾಡುವವರನ್ನು ಕೇಳಿ" ಅನ್ನುತ್ತಾರೆ. ಬಿಲ್ಲಿನವರು ಬ್ಯಾಂಕ್ ಕಡೆ ಕೈ ತೋರಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಮೇಜಿನ ಮುಂದಿನದು ಮಾತ್ರ ಕಾಣುತ್ತದೆ, ಅಷ್ಟೇ.

ಆದರೆ ಅಲ್ಲಿನ ಕಂಪ್ಯೂಟರ್‌ಗಳು ಎಲ್ಲವನ್ನೂ ಬರೆದಿಟ್ಟಿವೆ. ಈ ದಾಖಲೆಗೇ ಲಾಗ್ ಎನ್ನುತ್ತಾರೆ. ತೂಕದ ಚೀಟಿ ಎಷ್ಟು ಗಂಟೆಗೆ ಮುದ್ರಣವಾಯಿತು, ಬಿಲ್ ಯಾವಾಗ ಹುಟ್ಟಿತು, ಯಾರು ತಿದ್ದಿದರು, ಪಾವತಿ ಎಂದು ಹೋಯಿತು ಎಂಬ ಈ ಚೂರುಗಳನ್ನು ಜೋಡಿಸಿ, ಕೆಲಸ ಸಾಗಿದ ನಿಜವಾದ ದಾರಿಯ ನಕ್ಷೆ ತೆಗೆಯುವ ವಿದ್ಯೆಗೆ ಪ್ರೋಸೆಸ್ ಮೈನಿಂಗ್ ಎಂದು ಹೆಸರು. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಲ್ ವ್ಯಾನ್ ಡೆರ್ ಆಲ್ಸ್ಟ್ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಲ್ಲಿ ಇದರ ಮೇಲೆ ಕೆಲಸ ಶುರು ಮಾಡಿದರು. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆಂದೇ ತಂಡ ಕಟ್ಟಿಕೊಂಡಿವೆ. ನಮ್ಮೂರಿನ ಕಾಫಿ ಗೋದಾಮು, ಸಹಕಾರ ಸಂಘ, ಆಸ್ಪತ್ರೆಗಳಿಗೂ ಇದು ಅಷ್ಟೇ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ. ಹಾಗಾಗಿ ಈ ಮಾರ್ಗದರ್ಶಿಯ ಉದಾಹರಣೆ ಪೂರ್ತಿ ಇಲ್ಲಿನದೇ. ಗೋದಾಮು ಕಲ್ಪಿತ. ಮುಂದೆ ಬರುವ ಲೋಡ್ ಸಂಖ್ಯೆ, ಸಮಯ, ಎಣಿಕೆಗಳನ್ನು ಲೆಕ್ಕ ತೋರಿಸಲೆಂದು ನಾನೇ ಕಟ್ಟಿದ್ದೇನೆ.

ಮೊದಲು ಒಂದು ಪ್ರಶ್ನೆ ಹಿಡಿಯಿರಿ

"ನಮ್ಮ ಇಡೀ ವ್ಯವಹಾರದ ನಕ್ಷೆ ಬೇಕು" ಎಂದು ಹೊರಟವರು ದಾರಿ ತಪ್ಪುತ್ತಾರೆ. ಡೇಟಾ ಗುಡ್ಡದಷ್ಟು ಸೇರುತ್ತದೆ, ಉತ್ತರ ಸಿಗುವುದಿಲ್ಲ. ಒಂದೇ ಒಂದು ಪ್ರಶ್ನೆ ಸಾಕು. ನಮ್ಮದು ಇದು: ಲೋಡು ಗೇಟಿಗೆ ಬಂದ ಕ್ಷಣದಿಂದ ಬೆಳೆಗಾರರ ಖಾತೆಗೆ ದುಡ್ಡು ಹೋಗುವವರೆಗೆ ಏನೇನು ನಡೆಯುತ್ತದೆ, ಸಮಯ ಎಲ್ಲಿ ಹೋಗುತ್ತದೆ?

ಇದರಲ್ಲಿ ಶುರು ಎಲ್ಲಿ, ಕೊನೆ ಎಲ್ಲಿ ಎಂಬುದು ಸ್ಪಷ್ಟವಾಗಿದೆ. ಕಾಫಿಯ ಸಿಪ್ಪೆ ಬಿಡಿಸುವ ಹಲ್ಲಿಂಗ್ ಆಗುವುದು, ಗ್ರೇಡ್ ಆಗುವುದು, ಹೊರಗೆ ಮಾರಾಟವಾಗುವುದು ಬೇರೆಯೇ ಕಥೆ. ಅದನ್ನು ಇದರೊಳಗೆ ಎಳೆದುಕೊಳ್ಳಬೇಡಿ. ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಮುಂದೆ ನೂರು ಕುತೂಹಲದ ವಿಷಯಗಳು ಕಾಣಿಸುತ್ತವೆ, ಆಗ ಆ ಹಾಳೆ ಬೇಕಾಗುತ್ತದೆ.

ಇನ್ನೊಂದು ಕೆಲಸ ಈಗಲೇ ಮಾಡಿ. ಗೇಟು, ಲ್ಯಾಬ್, ಬಿಲ್, ಮ್ಯಾನೇಜರ್ ಎಲ್ಲರ ಹತ್ತಿರ ಹೋಗಿ "ಒಂದು ಲೋಡ್ ಬಂದರೆ ಏನಾಗುತ್ತದೆ, ಹೇಳಿ" ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ಲಾಗ್ ನೋಡಿದ ಮೇಲೆ ಕೇಳಿದರೆ ನಿಮ್ಮ ಪ್ರಶ್ನೆಯೇ ಅವರ ಉತ್ತರವನ್ನು ಬದಲಿಸಿಬಿಡುತ್ತದೆ.

ಗುರುತುಗಳು ಎಲ್ಲೆಲ್ಲಿ ಬಿದ್ದಿವೆ?

ಒಂದೇ ಸಾಫ್ಟ್‌ವೇರ್‌ನಲ್ಲಿ ಎಲ್ಲವೂ ಇರುವ ಗೋದಾಮು ಅಪರೂಪ. ನಮ್ಮ ಉದಾಹರಣೆಯಲ್ಲಿ ಐದು ಕಡೆ ಹುಡುಕಬೇಕು. ಗೇಟಿನಲ್ಲಿ ಒಂದು ಪುಸ್ತಕ. ವೇ ಬ್ರಿಡ್ಜ್ ಕಂಪ್ಯೂಟರ್‌ನಲ್ಲಿ ಲೋಡ್ ತೂಕ ಮತ್ತು ಖಾಲಿ ತೂಕ. ಲ್ಯಾಬ್‌ನ ಎಕ್ಸೆಲ್ ಹಾಳೆಯಲ್ಲಿ ತೇವಾಂಶ ಮತ್ತು ಔಟ್‌ಟರ್ನ್, ಅಂದರೆ 50 ಕೆಜಿ ಚೀಲದಿಂದ ಎಷ್ಟು ಕೆಜಿ ಬೇಳೆ (ಸಿಪ್ಪೆ ತೆಗೆದ ಕಾಫಿ ಬೀಜ) ಸಿಗುತ್ತದೆ ಎಂಬ ಲೆಕ್ಕ. ಬಿಲ್ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಪಾವತಿ ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿ.

ವೇ ಬ್ರಿಡ್ಜ್ ಇದ್ದುದರಲ್ಲಿ ಒಳ್ಳೆಯ ಸಾಕ್ಷಿ. ತೂಕವಾದ ಕ್ಷಣದಲ್ಲೇ ಯಂತ್ರ ಸಮಯ ಬರೆಯುತ್ತದೆ, ಮನುಷ್ಯ ಟೈಪ್ ಮಾಡುವುದಿಲ್ಲ. ಲ್ಯಾಬ್‌ನ ಎಕ್ಸೆಲ್ ಹಾಗಲ್ಲ. ಅಲ್ಲಿ ಎಷ್ಟೋ ಸಲ ಬರೀ ದಿನಾಂಕ ಇರುತ್ತದೆ, ಅದೂ ಯಾರೋ ಕೈಯಾರೆ ಹಾಕಿದ್ದು.

ಟ್ಯಾಲಿ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ವೋಚರ್ ಮೇಲೆ ಕಾಣುವ ದಿನಾಂಕ ಬಿಲ್ಲಿನ ದಿನಾಂಕ. ಆ ವೋಚರನ್ನು ನಿಜವಾಗಿ ಯಾವಾಗ ಹಾಕಿದರು ಎಂಬುದು ಬೇರೆ ವಿಷಯ. ಇಪ್ಪತ್ತೊಂದನೇ ತಾರೀಖಿನ ಬಿಲ್ಲನ್ನು ಇಪ್ಪತ್ತಾರಕ್ಕೆ ಕೂತು ಹಾಕಬಹುದು, ಅಲ್ವಾ? ನಮಗೆ ಬೇಕಾದದ್ದು ಎರಡನೆಯದು. ಟ್ಯಾಲಿಯ ಎಡಿಟ್ ಲಾಗ್‌ನಲ್ಲಿ ಅದು ಸಿಗುತ್ತದೆ: ಯಾರು ಹಾಕಿದರು, ಯಾವಾಗ ಹಾಕಿದರು, ಯಾವಾಗ ತಿದ್ದಿದರು, ಅಳಿಸಿದರೇ. ಭಾರತದಲ್ಲಿ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳು 2023ರ ಏಪ್ರಿಲ್ 1ರಿಂದ, ಹೀಗೆ ಪ್ರತಿ ಬದಲಾವಣೆಯ ದಾಖಲೆ ಇಡುವ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕು ಎಂಬ ನಿಯಮವಿದೆ. ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಹಾಗಾಗಿ ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಅರ್ಧ ಕೆಲಸ ಆಗಲೇ ಆಗಿದೆ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ, ಆದರೂ ಆ ಸೌಲಭ್ಯ ಬಳಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ವಾಟ್ಸಾಪ್ ಮರೆಯಬೇಡಿ. "ಸರ್, ಲೋಡ್ 114 ಬಿಲ್ ಓಕೆ ಮಾಡಿ" ಎಂಬ ಸಂದೇಶ, ಅದಕ್ಕೆ ಬಂದ ಹೆಬ್ಬೆರಳಿನ ಚಿತ್ರ (👍), ಎಷ್ಟೋ ಕಡೆ ಅದೇ ನಿಜವಾದ ಒಪ್ಪಿಗೆ. ಆ ಗುಂಪಿನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಸಂದೇಶಕ್ಕೂ ಸಮಯ ಇರುತ್ತದೆ. ಆದರೆ ಹೆಬ್ಬೆರಳಿನಂಥ ರಿಯಾಕ್ಷನ್‌ಗಳು ಆ ಕಡತದಲ್ಲಿ ಬರುವುದಿಲ್ಲ. "ಓಕೆ" ಎಂದು ಟೈಪ್ ಮಾಡಿದ ಉತ್ತರಗಳು ಮಾತ್ರ ಬರುತ್ತವೆ. ಎಲ್ಲರ ಒಪ್ಪಿಗೆ ಕೇಳಿಯೇ ಚಾಟ್ ತೆಗೆಯಿರಿ.

ಮೂರು ಕಾಲಂ

ಇಷ್ಟೆಲ್ಲ ಕಡೆಯಿಂದ ಬಂದದ್ದನ್ನು ಒಂದೇ ಉದ್ದನೆಯ ಪಟ್ಟಿ ಮಾಡಬೇಕು. ಪ್ರತಿ ಸಾಲಿನಲ್ಲೂ ಮೂರು ವಿಷಯ ಇರಲೇಬೇಕು: ಯಾವ ಕೇಸ್ (ಶುರುವಿನಿಂದ ಕೊನೆವರೆಗೆ ನಾವು ಹಿಂಬಾಲಿಸುವ ಒಂದು ವಿಷಯ), ಯಾವ ಕೆಲಸ, ಯಾವ ಸಮಯ. ನಾಲ್ಕನೆಯದಾಗಿ ಯಾರು ಮಾಡಿದರು ಎಂಬುದನ್ನು ಸೇರಿಸಬಹುದು. ಒಂದು ಲೋಡಿನ ಸಾಲುಗಳು ಹೀಗಿರುತ್ತವೆ:

ಲೋಡ್ 101 | ಗೇಟ್ ಪ್ರವೇಶ | 20-01-2025 10:05
ಲೋಡ್ 101 | ಲೋಡ್ ತೂಕ | 20-01-2025 10:20
ಲೋಡ್ 101 | ಸ್ಯಾಂಪಲ್ | 20-01-2025 10:40
ಲೋಡ್ 101 | ಖಾಲಿ ತೂಕ | 20-01-2025 11:55
ಲೋಡ್ 101 | ಔಟ್‌ಟರ್ನ್ ವರದಿ | 20-01-2025 16:30
ಲೋಡ್ 101 | ಬಿಲ್ | 21-01-2025 11:15
ಲೋಡ್ 101 | ಒಪ್ಪಿಗೆ | 25-01-2025 17:50
ಲೋಡ್ 101 | ಪಾವತಿ | 25-01-2025 18:05

ನೋಡಲು ಸುಲಭ. ಆದರೆ ಈ ವಿದ್ಯೆಯ ಅತಿ ಕಷ್ಟದ ತೀರ್ಮಾನ ಮೊದಲ ಕಾಲಂನಲ್ಲೇ ಇದೆ. ಕೇಸ್ ಎಂದರೆ ಯಾವುದು? ಗಾಡಿಯೋ, ಬೆಳೆಗಾರರೋ, ಬಿಲ್ಲೋ?

ಒಂದು ಪಿಕಪ್‌ನಲ್ಲಿ ಮೂವರು ಸಣ್ಣ ಬೆಳೆಗಾರರ ಚೀಲಗಳು ಒಟ್ಟಿಗೆ ಬಂದಿವೆ ಎಂದುಕೊಳ್ಳಿ. ಇದು ನಮ್ಮಲ್ಲಿ ದಿನನಿತ್ಯದ ಮಾತು. ಗೇಟ್ ಪ್ರವೇಶ ಒಂದು. ಸ್ಯಾಂಪಲ್ ಮೂರು, ಬಿಲ್ ಮೂರು, ಪಾವತಿ ಮೂರು. ಗಾಡಿಯನ್ನು ಕೇಸ್ ಎಂದು ಹಿಡಿದರೆ, ಒಂದೇ ಕೇಸಿನಲ್ಲಿ ಬಿಲ್ ಮೂರು ಸಲ ಆದಂತೆ ಕಾಣುತ್ತದೆ. ನೋಡುವವರು "ಬಿಲ್ ಮತ್ತೆ ಮತ್ತೆ ಯಾಕೆ ಮಾಡುತ್ತಿದ್ದಾರೆ?" ಎಂದು ಗಾಬರಿಯಾಗುತ್ತಾರೆ. ಬೆಳೆಗಾರರ ಲಾಟನ್ನು, ಅಂದರೆ ಒಬ್ಬರು ಒಮ್ಮೆಗೆ ತಂದ ಚೀಲಗಳನ್ನು ಕೇಸ್ ಎಂದು ಹಿಡಿದರೆ, ಒಂದೇ ಗೇಟ್ ಪ್ರವೇಶವನ್ನು ಮೂರು ಲಾಟ್‌ಗಳಿಗೂ ನಕಲು ಮಾಡಬೇಕು. ಆಗ ಗೇಟಿಗೆ ಮೂರು ಗಾಡಿ ಬಂದ ಲೆಕ್ಕವಾಗುತ್ತದೆ. ಎರಡೂ ಪೂರ್ತಿ ಸರಿಯಲ್ಲ, ಎರಡೂ ಪೂರ್ತಿ ತಪ್ಪಲ್ಲ.

ನಮ್ಮ ಪ್ರಶ್ನೆ ಬೆಳೆಗಾರರಿಗೆ ದುಡ್ಡು ಯಾವಾಗ ಸಿಗುತ್ತದೆ ಎಂಬುದು. ಆದ್ದರಿಂದ ಬೆಳೆಗಾರರ ಲಾಟೇ ಕೇಸ್. ಮೇಲಿನ ಪಟ್ಟಿಯ ಲೋಡ್ 101 ಒಬ್ಬರೇ ತಂದ ಲೋಡು, ಹಾಗಾಗಿ ಅಲ್ಲಿ ಲೋಡೂ ಲಾಟೂ ಒಂದೇ. ಹೀಗೆ ಹಿಡಿದಾಗ ಗೇಟ್ ಮತ್ತು ತೂಕದ ಎಣಿಕೆಗಳನ್ನು ನಂಬಬಾರದು ಎಂದು ಪಟ್ಟಿಯ ಪಕ್ಕದಲ್ಲೇ ಬರೆದಿಡಿ. ಪ್ರಶ್ನೆ ಬದಲಾದರೆ ಕೇಸೂ ಬದಲಾಗುತ್ತದೆ. "ವೇ ಬ್ರಿಡ್ಜ್ ಮುಂದೆ ಗಾಡಿಗಳ ಸಾಲು ಯಾಕೆ?" ಎಂದು ಕೇಳಿದ್ದರೆ ಗಾಡಿಯೇ ಕೇಸ್ ಆಗಬೇಕಿತ್ತು.

ಒಂದು ಸಾಲಿಗೆ ಗಾಡಿ, ಲಾಟ್, ಬಿಲ್ ಮೂರನ್ನೂ ಕಟ್ಟಿಡುವ ಹೊಸ ಬಗೆಯ ಲಾಗ್ ಕೂಡ ಬಂದಿದೆ. ಅದಕ್ಕೆ ಓಸೆಲ್ ಎನ್ನುತ್ತಾರೆ. 2020ರಲ್ಲಿ ಮೊದಲ ರೂಪ, 2023ರಲ್ಲಿ ಎರಡನೆಯದು. ಒಳ್ಳೆಯ ದಾರಿ ಅದು. ಆದರೆ ಮೊದಲ ಸಲಕ್ಕೆ ಬೇಡ. ಒಂದು ಕೇಸ್ ಹಿಡಿದು ಕೊನೆ ಮುಟ್ಟಿಸಿ, ಆಮೇಲೆ ಅದಕ್ಕೆ ಕೈ ಹಾಕಿ.

ಕೆಲಸದ ಹೆಸರುಗಳ ಬಗ್ಗೆ ಒಂದು ಮಾತು. ಅಲ್ಲಿನವರು ಬಾಯಲ್ಲಿ ಹೇಳುವ ಹೆಸರನ್ನೇ ಇಡಿ. ಎಡಿಟ್ ಲಾಗ್‌ನಲ್ಲಿ ಒಂದು ಬಿಲ್ ತಿದ್ದಿದ್ದಕ್ಕೆ ಹಲವು ಸಾಲು ಬಂದಿರಬಹುದು. ಅದನ್ನೆಲ್ಲ ಸೇರಿಸಿ "ಬಿಲ್ ತಿದ್ದುಪಡಿ" ಎಂಬ ಒಂದೇ ಸಾಲು ಮಾಡಿ. ಎಂಟರಿಂದ ಹದಿನೈದು ಬಗೆಯ ಕೆಲಸ ಇದ್ದರೆ ನಕ್ಷೆ ಓದಲು ಬರುತ್ತದೆ. ನಲವತ್ತು ಇದ್ದರೆ ಯಾರಿಗೂ ಅರ್ಥವಾಗುವುದಿಲ್ಲ.

ಶುಚಿ ಮಾಡುವುದು: ಇಲ್ಲಿ ಅವಸರ ಬೇಡ

ಲಾಗ್ ಶುಚಿ ಮಾಡಲು ಉಳಿದೆಲ್ಲ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಿಡಿಯಲಿ. ಕೊಳಕು ಲಾಗ್‌ನಿಂದ ಚಂದದ ನಕ್ಷೆ ಬರುತ್ತದೆ, ಅಪಾಯ ಇರುವುದೇ ಅದರಲ್ಲಿ.

ದಿನಾಂಕದಿಂದ ಶುರು ಮಾಡಿ. ಎಕ್ಸೆಲ್ ಅಮೆರಿಕದ ಕ್ರಮದಲ್ಲಿದ್ದರೆ 05-01 ಎಂಬುದನ್ನು ಮೇ 1 ಎಂದು ಓದುತ್ತದೆ. 20-01 ಎಂಬುದನ್ನು ಓದಲಾಗದೆ ಬರೀ ಅಕ್ಷರವಾಗಿ ಬಿಡುತ್ತದೆ. ಹಾಗಾಗಿ ತಿಂಗಳ ಮೊದಲ ಹನ್ನೆರಡು ದಿನ ತಿರುವುಮುರುವು, ಉಳಿದವು ಬರೀ ಅಕ್ಷರ ಎಂಬ ವಿಚಿತ್ರ ಲಾಗ್ ಸಿಗುತ್ತದೆ. ಜನವರಿಯ ಲೋಡಿಗೆ ಮೇ ತಿಂಗಳಲ್ಲಿ ಸ್ಯಾಂಪಲ್ ತೆಗೆದಂತೆ ಕಂಡರೆ ಮೊದಲು ಇದನ್ನೇ ನೋಡಿ.

ಎರಡನೆಯದು ಮಧ್ಯರಾತ್ರಿಯ ಸಮಸ್ಯೆ. ಬರೀ ದಿನಾಂಕ ಇದ್ದು ಗಂಟೆ ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನು 00:00 ಎಂದು ಹಿಡಿಯುತ್ತದೆ. ಆಗ ಲ್ಯಾಬ್ ವರದಿ ಗೇಟ್ ಪ್ರವೇಶಕ್ಕಿಂತ ಮೊದಲೇ ಆದಂತೆ ಕಾಣುತ್ತದೆ. ಇಂಥ ಕಡೆ ಗಂಟೆಯನ್ನು ಊಹಿಸಿ ತುಂಬಬೇಡಿ. ಅದೇ ದಿನದ ಬೇರೆ ಕೆಲಸಗಳ ನಂತರ ಬರುವಂತೆ ಕ್ರಮ ಮಾತ್ರ ಹಾಕಿ. ಆ ಕೆಲಸಕ್ಕೆ ಗಂಟೆಯ ಲೆಕ್ಕ ಮಾಡುವುದಿಲ್ಲ ಎಂದು ಗುರುತು ಹಾಕಿ.

ಮೂರನೆಯದು ಗಡಿಯಾರ. ವೇ ಬ್ರಿಡ್ಜ್ ಕಂಪ್ಯೂಟರ್ ಎಷ್ಟೋ ಕಡೆ ಇಂಟರ್‌ನೆಟ್‌ಗೆ ಸೇರಿರುವುದಿಲ್ಲ, ಅದರ ಗಡಿಯಾರ ಹತ್ತು ನಿಮಿಷ ಹಿಂದಿರಬಹುದು. ಎಲ್ಲ ಕಂಪ್ಯೂಟರ್‌ಗಳ ಮುಂದೆ ಮೊಬೈಲ್ ಹಿಡಿದು ನಿಂತು ಎಷ್ಟು ವ್ಯತ್ಯಾಸ ಎಂದು ಬರೆದುಕೊಳ್ಳಿ. ಆನ್‌ಲೈನ್ ಸಾಫ್ಟ್‌ವೇರ್ ಆದರೆ ಇನ್ನೊಂದು ತೊಡಕು. ಸರ್ವರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆದರೆ ನಮ್ಮ ಹತ್ತು ಗಂಟೆ ಅಲ್ಲಿ ನಾಲ್ಕೂವರೆ ಆಗಿರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಬಿಲ್ ಹಾಕುವ ಗುಮಾಸ್ತರು ಇದ್ದಾರೆಂದು ಲಾಗ್ ಹೇಳಿದರೆ ಐದೂವರೆ ಗಂಟೆ ಕೂಡಿಸಿ ನೋಡಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಅದನ್ನು ಹಿಡಿಯುವುದೂ ಕಷ್ಟ. ಲಾಗ್‌ನಲ್ಲಿರುವ ಸಮಯ ಕೆಲಸ ಆದ ಸಮಯವೋ, ಕೆಲಸವನ್ನು ಕಂಪ್ಯೂಟರ್‌ಗೆ ಹಾಕಿದ ಸಮಯವೋ? ಲ್ಯಾಬ್‌ನವರು ಬೆಳಗ್ಗಿನಿಂದ ಔಟ್‌ಟರ್ನ್ ನೋಡಿ ಚೀಟಿಯಲ್ಲಿ ಬರೆದು, ಸಂಜೆ ಒಟ್ಟಿಗೆ ಹಾಕುತ್ತಿರಬಹುದು. ಆಗ ಎಲ್ಲ ವರದಿಯೂ 16:30ರಿಂದ 17:00ರೊಳಗೆ ಗುಂಪಾಗಿ ಕಾಣುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಗಾಲದ ಲಾಗ್ ನೋಡುವುದಾದರೆ ಇದು ಇನ್ನೂ ಜಾಸ್ತಿ. ಕರೆಂಟ್ ಎರಡು ದಿನ ಇಲ್ಲ, ಮೂರನೇ ದಿನ ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಪ್ರತಿ ಕೆಲಸಕ್ಕೂ ಗಂಟೆವಾರು ಎಣಿಕೆ ಮಾಡಿ. ಒಂದೇ ಗಂಟೆಯಲ್ಲಿ ರಾಶಿ ಬಿದ್ದಿದ್ದರೆ, ಹೋಗಿ ಹಾಕಿದವರನ್ನೇ ಕೇಳಿ. ಐದು ನಿಮಿಷದ ಮಾತಿನಲ್ಲಿ ಗೊತ್ತಾಗುತ್ತದೆ.

ಇನ್ನು ಸಣ್ಣವು: ನಕಲು ಸಾಲು ತೆಗೆಯಿರಿ, ಒಂದೇ ಕೆಲಸಕ್ಕೆ ಇರುವ ಎರಡು ಕಾಗುಣಿತ ಸೇರಿಸಿ, ಡೇಟಾ ತೆಗೆದ ದಿನ ಇನ್ನೂ ಪಾವತಿಯಾಗದ ಲಾಟ್‌ಗಳನ್ನು ಬೇರೆ ಇಡಿ. ಅವು ಮುಗಿದಿಲ್ಲ ಅಷ್ಟೇ, ಅವನ್ನು ತಪ್ಪು ಎಂದು ಎಣಿಸಬೇಡಿ.

ನಕ್ಷೆಗೆ ಮೊದಲು ದಾರಿಗಳನ್ನು ಎಣಿಸಿ

ಪ್ರತಿ ಲಾಟಿಗೂ ಕೆಲಸಗಳನ್ನು ಸಮಯದ ಕ್ರಮದಲ್ಲಿ ಪೋಣಿಸಿದರೆ ಒಂದು ದಾರಿ ಸಿಗುತ್ತದೆ. ಒಂದೇ ದಾರಿ ಹಿಡಿದ ಲಾಟ್‌ಗಳನ್ನು ಗುಂಪು ಮಾಡಿ ಎಣಿಸಿ. ಇದಕ್ಕೆ ಎಕ್ಸೆಲ್ ಸಾಕು. ಇದೊಂದರಿಂದಲೇ ಎಷ್ಟೋ ವಿಷಯ ಬಯಲಾಗುತ್ತದೆ. ನಾಲ್ಕೈದು ದಾರಿಗಳು ಬಹುಪಾಲು ಲಾಟ್‌ಗಳನ್ನು ಹೊತ್ತಿರುತ್ತವೆ. ಉಳಿದವು ಒಂದೊಂದೇ ಲಾಟ್ ಹೋದ ಕಾಲುದಾರಿಗಳು. ಅವುಗಳಲ್ಲಿ ಕೆಲವನ್ನು ತೆರೆದು ಓದಿ. ಲಾಗ್ ಶುಚಿಯಾಗಿದೆಯೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ.

ನಕ್ಷೆ ಹುಟ್ಟುವ ಬಗೆ, ಒಮ್ಮೆ ಕೈಯಲ್ಲೇ ಮಾಡಿ ನೋಡಿ

ಸಾಫ್ಟ್‌ವೇರ್ ಒಂದು ಗುಂಡಿ ಒತ್ತಿದರೆ ನಕ್ಷೆ ಕೊಡುತ್ತದೆ. ಆದರೂ ಮೂರು ಲೋಡ್‌ಗಳನ್ನು ಕಾಗದದ ಮೇಲೆ ಮಾಡಿ ನೋಡಿ. ಆಮೇಲೆ ಯಾವ ನಕ್ಷೆಯೂ ನಿಮಗೆ ಮೋಸ ಮಾಡುವುದಿಲ್ಲ.

ಲೋಡ್ 101 ಮೇಲೆಯೇ ಇದೆ. ಲೋಡ್ 102ರಲ್ಲಿ ವೇ ಬ್ರಿಡ್ಜ್ ಮುಂದೆ ಸಾಲಿತ್ತು. ಹಾಗಾಗಿ ಸ್ಯಾಂಪಲ್ ಮೊದಲು ತೆಗೆದು ಆಮೇಲೆ ಲೋಡ್ ತೂಕ ಮಾಡಿದರು, ಉಳಿದದ್ದು ಅದೇ. ಲೋಡ್ 103 ಪೂರ್ತಿ 101ರಂತೆ, ಆದರೆ ಬಿಲ್ ಆದ ಮೇಲೆ ಒಮ್ಮೆ ಬಿಲ್ ತಿದ್ದುಪಡಿ ಆಗಿ, ಆಮೇಲೆ ಒಪ್ಪಿಗೆ.

ಈಗ ಯಾವುದರ ಬೆನ್ನಿಗೆ ಯಾವುದು ಬಂತು ಎಂದು ಜೋಡಿಗಳನ್ನು ಎಣಿಸಿ. ಲೋಡ್ ತೂಕದ ಬೆನ್ನಿಗೆ ಸ್ಯಾಂಪಲ್ ಎರಡು ಸಲ. ಸ್ಯಾಂಪಲ್ ಬೆನ್ನಿಗೆ ಲೋಡ್ ತೂಕ ಒಂದು ಸಲ. ಖಾಲಿ ತೂಕದಿಂದ ಔಟ್‌ಟರ್ನ್ ಮೂರು. ಬಿಲ್ಲಿನಿಂದ ನೇರ ಒಪ್ಪಿಗೆ ಎರಡು, ತಿದ್ದುಪಡಿ ಹಾದು ಒಂದು. ಒಪ್ಪಿಗೆಯಿಂದ ಪಾವತಿ ಮೂರು. ಪ್ರತಿ ಕೆಲಸಕ್ಕೆ ಒಂದು ಚೌಕ, ಪ್ರತಿ ಜೋಡಿಗೆ ಒಂದು ಬಾಣ, ಬಾಣದ ಮೇಲೆ ಎಣಿಕೆ. ಮುಗಿಯಿತು, ಇದೇ ನಕ್ಷೆ.

ಈಗ ಲೋಡ್ ತೂಕ ಮತ್ತು ಸ್ಯಾಂಪಲ್ ನಡುವೆ ನೋಡಿ. ಅತ್ತಲೂ ಬಾಣ, ಇತ್ತಲೂ ಬಾಣ. ತೂಕ, ಸ್ಯಾಂಪಲ್, ಮತ್ತೆ ತೂಕ ಎಂದು ಸುತ್ತು ಹೊಡೆಯುತ್ತಿರುವಂತೆ ಕಾಣುತ್ತದೆ. ಆದರೆ ಮೂರರಲ್ಲಿ ಒಂದು ಲೋಡಿನಲ್ಲೂ ಹಾಗೆ ಸುತ್ತು ಹೊಡೆದಿಲ್ಲ! ಎರಡು ಕೆಲಸ ಯಾವ ಕ್ರಮದಲ್ಲಾದರೂ ಆಗಬಹುದು ಎಂಬುದನ್ನು ಈ ಬಗೆಯ ನಕ್ಷೆಗೆ ಹೇಳಲು ಬರುವುದಿಲ್ಲ. ಮಾರುಕಟ್ಟೆಯ ಬಹುಪಾಲು ಸಾಫ್ಟ್‌ವೇರ್ ಮೊದಲು ತೋರಿಸುವುದು ಇದೇ ನಕ್ಷೆ. ಸುತ್ತು ಕಂಡ ಕೂಡಲೇ "ಕೆಲಸ ಎರಡೆರಡು ಸಲ ಆಗುತ್ತಿದೆ" ಎಂದು ವರದಿ ಬರೆಯಬೇಡಿ.

ಇದನ್ನು ಬಿಡಿಸಲೆಂದೇ ಬೇರೆ ಬೇರೆ ವಿಧಾನಗಳು ಬಂದವು. 2004ರಲ್ಲಿ ಪ್ರಕಟವಾದ ಆಲ್ಫಾ ವಿಧಾನದ ತರ್ಕ ಸರಳ: ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ, ತಿರುಗಾಮುರುಗಾ ಎಂದೂ ಬರುವುದಿಲ್ಲ ಎಂದಾದರೆ ಮೊದಲನೆಯದು ಕಾರಣ, ಎರಡನೆಯದು ಫಲ. ಎರಡೂ ಕಡೆ ಬಂದರೆ ಅವು ಒಂದಕ್ಕೊಂದು ಕಾಯದ ಕೆಲಸಗಳು. ಆದರೆ ಸಾವಿರ ಲೋಡಿನಲ್ಲಿ ಒಂದರ ಸಮಯ ತಪ್ಪಿದ್ದರೂ ಈ ತರ್ಕ ಉರುಳಿಬೀಳುತ್ತದೆ.

ಹ್ಯೂರಿಸ್ಟಿಕ್ಸ್ ಮೈನರ್ ಎಣಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಂದಿನ ದಿಕ್ಕಿನ ಎಣಿಕೆಯಿಂದ ಹಿಂದಿನ ದಿಕ್ಕಿನದನ್ನು ಕಳೆಯಿರಿ. ಬಂದದ್ದನ್ನು, ಎರಡರ ಮೊತ್ತಕ್ಕೆ ಒಂದು ಕೂಡಿಸಿ ಅದರಿಂದ ಭಾಗಿಸಿ. ಬಿಲ್ಲಿನಿಂದ ಒಪ್ಪಿಗೆ 40 ಸಲ, ಒಪ್ಪಿಗೆಯಿಂದ ಬಿಲ್ 2 ಸಲ ಇದ್ದರೆ 38ನ್ನು 43ರಿಂದ ಭಾಗಿಸಬೇಕು, ಸುಮಾರು 0.88. ಇದು ಗಟ್ಟಿ ಸಂಬಂಧ, ಆ ಎರಡು ಸಲ ಏನೋ ವಿಶೇಷ. ತೂಕ ಮತ್ತು ಸ್ಯಾಂಪಲ್ 22 ಸಲ ಹೀಗೆ, 20 ಸಲ ಹಾಗೆ ಇದ್ದರೆ 2ನ್ನು 43ರಿಂದ, ಸುಮಾರು 0.05. ಅಂದರೆ ಯಾವುದು ಮೊದಲು ಎಂಬ ನಿಯಮವೇ ಅಲ್ಲಿಲ್ಲ.

2013ರಲ್ಲಿ ಬಂದ ಇಂಡಕ್ಟಿವ್ ಮೈನರ್ ಇಡೀ ಲಾಗನ್ನು ತುಂಡು ತುಂಡಾಗಿ ಸೀಳುತ್ತಾ ಹೋಗುತ್ತದೆ. ಇದು ಕ್ರಮವಾಗಿ ಆಗುವ ಭಾಗ, ಇದು ಆಯ್ಕೆ, ಇದು ಒಟ್ಟೊಟ್ಟಿಗೆ ನಡೆಯುವುದು, ಇದು ಮರಳಿ ಬರುವುದು ಎಂದು. ನಡುವೆ ಎಲ್ಲೂ ಸಿಕ್ಕಿಹಾಕಿಕೊಳ್ಳದ ನಕ್ಷೆಯನ್ನೇ ಕೊಡುತ್ತದೆ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಇದೇ: ಜೋಡಿ ಎಣಿಕೆಯ ನಕ್ಷೆ ನೋಡಲು, ಇಂಡಕ್ಟಿವ್ ಮೈನರ್ ನಂಬಲು.

ಸಾಧನಗಳ ಬಗ್ಗೆ ಚುಟುಕಾಗಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬರುವವರಿಗೆ ಪಿಎಂ4ಪೈ, ಆರ್ ಭಾಷೆ ಬರುವವರಿಗೆ ಬುಪಾರ್. ಎರಡಕ್ಕೂ ದುಡ್ಡು ಬೇಡ. ಪ್ರೋಮ್ ಕೂಡ ಉಚಿತ. ಐಂಡ್‌ಹೋವನ್‌ನಲ್ಲಿ ಹುಟ್ಟಿದ್ದು, ವಿಧಾನಗಳ ಕಣಜ, ಆದರೆ ಕಲಿಯಲು ತಾಳ್ಮೆ ಬೇಕು. ಕೋಡ್ ಬರೆಯದವರಿಗೆ ಡಿಸ್ಕೊ ತುಂಬ ಸಲೀಸು, ಅದಕ್ಕೆ ಲೈಸೆನ್ಸ್ ಬೇಕು. ಮೂರು ಕಾಲಂನ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಎಲ್ಲವೂ ಓದುತ್ತವೆ. ಕನ್ನಡ ಅಕ್ಷರ ಕೆಡದಿರಲು ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ.

ಸಾಫ್ಟ್‌ವೇರ್‌ನಲ್ಲಿ ಬಾಣಗಳನ್ನು ಕಡಿಮೆ ಮಾಡುವ ಒಂದು ಜಾರುಗುಂಡಿ ಇರುತ್ತದೆ. ಎಳೆದರೆ ನಕ್ಷೆ ಶುಭ್ರವಾಗಿ ಕಾಣುತ್ತದೆ. ಆದರೆ ಬಾಣ ಮರೆಯಾದರೂ ಚೌಕದ ಮೇಲಿನ ಎಣಿಕೆ ಹಾಗೇ ಉಳಿಯುತ್ತದೆ, ಲೆಕ್ಕ ಕೂಡುವುದಿಲ್ಲ. ಬಾಣ ತೆಗೆಯುವ ಬದಲು ಅಪರೂಪದ ದಾರಿ ಹಿಡಿದ ಲಾಟ್‌ಗಳನ್ನೇ ಪೂರ್ತಿ ಬೇರೆ ಇಟ್ಟು ನಕ್ಷೆ ತೆಗೆಯಿರಿ. ಎಷ್ಟು ಲಾಟ್ ಬೇರೆ ಇಟ್ಟಿರಿ ಎಂದು ನಕ್ಷೆಯ ಕೆಳಗೆ ಬರೆಯಿರಿ.

ಸಮಯ ಎಲ್ಲಿ ಹೋಯಿತು?

ಲೋಡ್ 101ಕ್ಕೆ ಮರಳಿ ಹೋಗೋಣ. ಗೇಟಿನಿಂದ ಪಾವತಿಗೆ 5 ದಿನ 8 ಗಂಟೆ. ಅದರಲ್ಲಿ ಗೇಟಿನಿಂದ ಔಟ್‌ಟರ್ನ್ ವರದಿವರೆಗೆ ಆರೂವರೆ ಗಂಟೆಯೂ ಇಲ್ಲ. ಬಿಲ್ ಮರುದಿನ ಬೆಳಗ್ಗೆ ಆಯಿತು. ಬಿಲ್ಲಿನಿಂದ ಒಪ್ಪಿಗೆಗೆ 4 ದಿನ 6 ಗಂಟೆ 35 ನಿಮಿಷ. ಒಪ್ಪಿಗೆಯಿಂದ ಪಾವತಿಗೆ 15 ನಿಮಿಷ.

ಬ್ಯಾಂಕ್ ತಡ ಮಾಡುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆ, ರಜೆಯ ದಿನವೂ ನಡೆಯುತ್ತದೆ. ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಾಗೆಯೇ. ಹಳೆಯ ಕಾಲದ ಕಾರಣ ಜನರ ಬಾಯಲ್ಲಿ ಉಳಿದುಬಿಟ್ಟಿದೆ, ಅಷ್ಟೇ. ದುಡ್ಡು ನಿಂತಿರುವುದು ಒಪ್ಪಿಗೆಯ ಮೇಜಿನ ಮೇಲೆ.

ಒಂದು ಲೋಡ್ ನೋಡಿ ಹೀಗೆ ಹೇಳಬಾರದು ನಿಜ. ಆದ್ದರಿಂದ ಇದೇ ಲೆಕ್ಕವನ್ನು ಪ್ರತಿ ಬಾಣಕ್ಕೂ, ಎಲ್ಲ ಲಾಟ್‌ಗಳಿಗೂ ಮಾಡಬೇಕು. ಸರಾಸರಿಗಿಂತ ಮಧ್ಯದ ಸಂಖ್ಯೆ ನೋಡಿ, ಅಂದರೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವುದು. ವ್ಯಾಜ್ಯಕ್ಕೆ ಬಿದ್ದ ಒಂದೇ ಲಾಟ್ ಎರಡು ತಿಂಗಳು ಕೂತರೆ ಸರಾಸರಿ ಪೂರ್ತಿ ಕೆಡುತ್ತದೆ, ಮಧ್ಯದ ಸಂಖ್ಯೆ ಅಲುಗುವುದಿಲ್ಲ. ಜೊತೆಗೆ ಅತಿ ನಿಧಾನದ ಹತ್ತು ಶೇಕಡಾ ಲಾಟ್‌ಗಳನ್ನು ಬೇರೆಯೇ ತೆಗೆದು ನೋಡಿ. ಅವೆಲ್ಲ ಒಂದೇ ವಾರದವೇ? ಒಂದೇ ಬಗೆಯ ಕಾಫಿಯೇ? ತಿದ್ದುಪಡಿ ಆದವೇ? ಅಥವಾ ಶುಕ್ರವಾರ ಸಂಜೆ ಬಿಲ್ ಆದವೇ?

ಕ್ಯಾಲೆಂಡರ್ ಕೂಡ ಊರಿನದ್ದೇ ಹಾಕಿ. ಹುತ್ತರಿಗೆ ಗೋದಾಮಿನಲ್ಲಿ ಯಾರೂ ಇರುವುದಿಲ್ಲ. ತುಲಾ ಸಂಕ್ರಮಣ, ಕೈಲ್‌ಪೊಳ್ದ್ ದಿನಗಳೂ ಹಾಗೆಯೇ. ಸಾಫ್ಟ್‌ವೇರ್‌ನ ರಜಾ ಪಟ್ಟಿಯಲ್ಲಿ ಇವು ಇರುವುದಿಲ್ಲ, ನೀವೇ ಸೇರಿಸಬೇಕು. ಆದರೆ ಬೆಳೆಗಾರರ ಕಡೆಯಿಂದ ಲೆಕ್ಕ ಮಾಡುವಾಗ ರಜೆ ಕಳೆಯಬೇಡಿ. ಅವರು ಕಾಯುವುದು ಕ್ಯಾಲೆಂಡರ್ ದಿನಗಳಲ್ಲೇ, ತೋಟದ ಬಟವಾಡೆಯೂ ಅದೇ ದಿನಗಳಲ್ಲಿ ಬರುತ್ತದೆ.

ನಿಯಮ ಒಂದು, ನಡೆ ಇನ್ನೊಂದು

ಈಗ ಗೋದಾಮಿನ ನಿಯಮವನ್ನು, ಶುರುವಿನಲ್ಲಿ ಎಲ್ಲರಿಂದ ಕೇಳಿ ಬರೆದುಕೊಂಡದ್ದನ್ನು ಲಾಗ್ ಜೊತೆ ಹೋಲಿಸಿ. ದೊಡ್ಡ ವಿಧಾನಗಳಿವೆ: ಲಾಗ್‌ನ ಪ್ರತಿ ಕೇಸನ್ನು ನಕ್ಷೆಯ ಮೇಲೆ ಓಡಿಸಿ, ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡುವುದು. ಆದರೆ ನಾಲ್ಕು ಸರಳ ಪ್ರಶ್ನೆಗಳಿಂದಲೇ ಬಹಳಷ್ಟು ಸಿಗುತ್ತದೆ. ಖಾಲಿ ತೂಕ ಇಲ್ಲದೆ ಬಿಲ್ ಆದ ಲಾಟ್ ಇದೆಯೇ? ಔಟ್‌ಟರ್ನ್ ವರದಿಗೆ ಮುಂಚೆ ದುಡ್ಡು ಹೋಗಿದೆಯೇ? ಬಿಲ್ ಹಾಕಿದವರೇ ಒಪ್ಪಿಗೆಯನ್ನೂ ಕೊಟ್ಟಿದ್ದಾರೆಯೇ? ಒಪ್ಪಿಗೆ ಆದ ಮೇಲೆ ಬಿಲ್ ತಿದ್ದಿದ್ದಾರೆಯೇ?

ನಕ್ಷೆ ಎಷ್ಟು ಒಳ್ಳೆಯದು ಎಂದು ಅಳೆಯುವಾಗ ಎರಡು ಕಡೆ ಕಣ್ಣಿರಲಿ. ಲಾಗ್‌ನಲ್ಲಿ ನಡೆದದ್ದು ನಕ್ಷೆಯಲ್ಲಿ ಇರಬೇಕು, ಇದು ಹೊಂದಿಕೆ. ನಡೆಯದೇ ಇದ್ದದ್ದಕ್ಕೆ ನಕ್ಷೆಯಲ್ಲಿ ಜಾಗ ಇರಬಾರದು, ಇದು ನಿಖರತೆ. "ಯಾವ ಕೆಲಸ ಯಾವಾಗ ಬೇಕಾದರೂ ಆಗಬಹುದು" ಎಂಬ ನಕ್ಷೆಗೆ ಹೊಂದಿಕೆ ನೂರಕ್ಕೆ ನೂರು, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಕ್ಷೆ ಹಿಡಿದು ಜನರ ಹತ್ತಿರ ಹೋಗಿ

ಈ ಹೆಜ್ಜೆ ಬಿಟ್ಟರೆ ಉಳಿದೆಲ್ಲ ವ್ಯರ್ಥ. ಲಾಗ್‌ನಲ್ಲಿ ಏನಾಯಿತು ಎಂಬುದು ಇದೆ, ಯಾಕಾಯಿತು ಎಂಬುದು ಇಲ್ಲ.

ಔಟ್‌ಟರ್ನ್ ವರದಿಗೆ ಮುಂಚೆ ದುಡ್ಡು ಹೋದ ಲಾಟ್‌ಗಳು ಕಂಡವು ಎಂದುಕೊಳ್ಳಿ. ಕಚೇರಿಯಲ್ಲಿ ಕೂತು ನೋಡಿದರೆ ಇದು ನಿಯಮ ಮುರಿದದ್ದು. ಬಿಲ್ಲಿನವರ ಪಕ್ಕ ಕೂತು ಕೇಳಿದರೆ ಬೇರೆ ಉತ್ತರ ಬರಬಹುದು: "ಸಂತೆಯ ಹಿಂದಿನ ದಿನ ತೋಟದಲ್ಲಿ ಬಟವಾಡೆ ಮಾಡಬೇಕಲ್ಲ, ಅದಕ್ಕೆ ಒಂದಿಷ್ಟು ಮುಂಗಡ ಕೊಡುತ್ತೇವೆ." ಹಾಗಿದ್ದರೆ ಅದು ಪಾವತಿಯಲ್ಲ, ಮುಂಗಡ. ಅದಕ್ಕೆ ಬೇರೆ ಹೆಸರಿಟ್ಟು ನಕ್ಷೆ ಮತ್ತೆ ತೆಗೆಯಬೇಕು. ನಿಯಮದ ಪುಸ್ತಕದಲ್ಲೂ ಮುಂಗಡಕ್ಕೆ ಜಾಗ ಮಾಡಬೇಕು. ಇಂಥ ಕಡೆ ನಿಯಮಕ್ಕಿಂತ ಜನ ಕಂಡುಕೊಂಡ ದಾರಿಯೇ ಎಷ್ಟೋ ಸಲ ಸರಿ ಇರುತ್ತದೆ.

ಒಪ್ಪಿಗೆ ನಾಲ್ಕು ದಿನ ನಿಂತದ್ದಕ್ಕೂ ಕಾರಣ ಕೇಳಿ. ಮ್ಯಾನೇಜರ್ ವಾರಕ್ಕೊಮ್ಮೆ ಶನಿವಾರ ಮಾತ್ರ ಕೂತು ಎಲ್ಲ ಬಿಲ್ ನೋಡುತ್ತಿರಬಹುದು. ಆಗ ಸೋಮವಾರದ ಲೋಡಿಗೂ ಶುಕ್ರವಾರದ ಲೋಡಿಗೂ ಯಾಕಷ್ಟು ಅಂತರ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ವಾರಕ್ಕೆರಡು ದಿನ ನೋಡಿದರೆ ಸಾಕು. ಅಥವಾ ಒಂದು ಮೊತ್ತದೊಳಗಿನ ಬಿಲ್ಲಿಗೆ ಇನ್ನೊಬ್ಬರು ಒಪ್ಪಿಗೆ ಕೊಡುವಂತೆ ಮಾಡಬಹುದು. ಹೊಸ ಸಾಫ್ಟ್‌ವೇರ್ ಕೊಳ್ಳುವ ಅಗತ್ಯವೇ ಬರುವುದಿಲ್ಲ.

ಹೆಸರುಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಲುವು. ಯಾರು ಮಾಡಿದರು ಎಂಬ ಕಾಲಂನಲ್ಲಿ ನಿಜವಾದ ಹೆಸರು ಇಡಬೇಡಿ. ಗೇಟ್-1, ಬಿಲ್-2 ಎಂದು ಸಂಕೇತ ಹಾಕಿ. ಬೆಳೆಗಾರರ ಹೆಸರು, ಖಾತೆ ಸಂಖ್ಯೆ ಬೇಕಾಗಿಯೇ ಇಲ್ಲ, ಮೊದಲೇ ತೆಗೆದುಬಿಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆಂದೇ ನಮ್ಮ ದೇಶದಲ್ಲಿ ಕಾಯ್ದೆಯಾಗಿದೆ. ಕಾಯ್ದೆಯ ಮಾತು ಪಕ್ಕಕ್ಕಿಟ್ಟರೂ, ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಜಿಲ್ಲೆ. ಮೂವರೇ ಇರುವ ಕಚೇರಿಯಲ್ಲಿ ಸಂಕೇತ ಹಾಕಿದರೂ ಯಾರೆಂದು ತಿಳಿಯುತ್ತದೆ. ಅಂಥ ಕಡೆ ಆ ಕಾಲಂ ಕಿತ್ತೇ ಹಾಕಿ, "ಒಬ್ಬರೇ ಎರಡೂ ಮಾಡಿದರೇ" ಎಂಬುದಕ್ಕೆ ಹೌದು-ಇಲ್ಲ ಮಾತ್ರ ಉಳಿಸಿ. ಯಾರ ಕೆಲಸ ನಿಧಾನ ಎಂದು ಅಳೆಯಲು ಈ ಲಾಗ್ ಬಳಸಿದ ದಿನದಿಂದ ಜನ ಸಮಯವನ್ನು ಸರಿಯಾಗಿ ಹಾಕುವುದನ್ನೇ ಬಿಡುತ್ತಾರೆ. ಆಮೇಲೆ ನಿಮ್ಮ ಹತ್ತಿರ ಲಾಗೂ ಇರುವುದಿಲ್ಲ, ಅವರ ವಿಶ್ವಾಸವೂ ಇರುವುದಿಲ್ಲ.

ಮುಂದಿನ ಕೊಯ್ಲಿಗೆ ಮುಂಚೆ

ಒಂದು ಬದಲಾವಣೆ ಮಾಡಿದ ಮೇಲೆ ಅದೇ ಲಾಗನ್ನು ಅದೇ ರೀತಿ ಮತ್ತೆ ತೆಗೆದು, ಬಿಲ್ಲಿನಿಂದ ಒಪ್ಪಿಗೆಗೆ ಹಿಡಿಯುವ ಮಧ್ಯದ ಸಮಯ ಇಳಿದಿದೆಯೇ ನೋಡಿ. ಹೋಲಿಸುವಾಗ ಫೆಬ್ರುವರಿಯನ್ನು ಫೆಬ್ರುವರಿ ಜೊತೆಗೇ ಹೋಲಿಸಿ. ರೋಬಸ್ಟಾ ಮುಗಿದು ಲೋಡು ಕಡಿಮೆಯಾದಾಗ ಎಲ್ಲವೂ ತಾನಾಗಿಯೇ ಬೇಗ ಆಗುತ್ತದೆ. ಅದನ್ನು ನಿಮ್ಮ ಬದಲಾವಣೆಯ ಫಲ ಎಂದು ಎಣಿಸಬಾರದು.

ಮಳೆಗಾಲದಲ್ಲಿ ಗೋದಾಮು ಬಿಡುವಾಗಿರುತ್ತದೆ. ಲಾಗ್ ಸರಿಪಡಿಸಲು ಅದೇ ಸಕಾಲ. ವೇ ಬ್ರಿಡ್ಜ್ ಸಾಫ್ಟ್‌ವೇರ್ ಹಾಕಿಕೊಟ್ಟವರನ್ನು ಕರೆಸಿ, ತೂಕದ ದಾಖಲೆಯನ್ನು ಸೆಕೆಂಡ್ ಸಮೇತ ಸಿಎಸ್‌ವಿ ಆಗಿ ತೆಗೆಯುವ ದಾರಿ ಕೇಳಿ. ಲ್ಯಾಬ್ ಹಾಳೆಯಲ್ಲಿ ಸ್ಯಾಂಪಲ್ ತೆಗೆದ ಗಂಟೆಗೆ ಒಂದು ಕಾಲಂ, ವರದಿ ಬರೆದ ಗಂಟೆಗೆ ಇನ್ನೊಂದು ಕಾಲಂ ಸೇರಿಸಿ. ಗೇಟಿನ ಪುಸ್ತಕದಿಂದ ಹಿಡಿದು ಬಿಲ್ಲಿನವರೆಗೆ ಎಲ್ಲ ಕಡೆ ಒಂದೇ ಲಾಟ್ ಸಂಖ್ಯೆ ಬರೆಯುವಂತೆ ಮಾಡಿ. ಈ ಒಂದು ಸಂಖ್ಯೆ ಇಲ್ಲದೆಯೇ ಎಷ್ಟೋ ಕಡೆ ಇಡೀ ಕೆಲಸ ಶುರುವಿನಲ್ಲೇ ನಿಂತುಹೋಗುತ್ತದೆ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್ ಹೊತ್ತಿಗೆ ಮೂರೂ ಸಿದ್ಧವಿದ್ದರೆ, ಆ ಹಂಗಾಮಿನ ಮೊದಲ ಲೋಡಿನಿಂದಲೇ ನಂಬಬಹುದಾದ ಲಾಗ್ ನಿಮ್ಮ ಕೈಯಲ್ಲಿರುತ್ತದೆ.